ಹೊಗೆಸೊಪ್ಪು ಮತ್ತು ನೊಂದ ಮನಸ್ಸು

ಮನಸ್ಸಿನ ಮೇಲೆ ಕೆಲಸ ಮಾಡುವ ಪದಾರ್ಥಗಳು ಸ್ಥೂಲವಾಗಿ ಎರಡು ಬಗೆ. ಹೆಂಡ, ಅಫೀಮುಗಳಂತೆ ಮಂಕು ಕವಿಸುವುವು ಕೆಲವು. ಕಾಫಿ, ಟೀ, ಹೊಗೆಸೊಪ್ಪುಗಳಂತೆ ಚುರುಕು ಮುಟ್ಟಿಸುವುವು ಕೆಲವು. ಮೊದಲನೆಯ ಬಗೆಯಿಂದ ಮನೆಗಳು ಹಾಳಾಗುವುದನ್ನು ನಮ್ಮ ಜನ ಬಹು ಕಾಲದಿಂದ ಬಲ್ಲರು. ಎರಡನೆಯದರ ಮೇಲೆ ಅಷ್ಟು ಸಂಶಯ ಯಾರಿಗೂ ಬಂದಂತೆ ಕಾಣದು. ಹೆಂಡ ಕುಡಿದವನು ಬೀದಿಯಲ್ಲಿ ಬೀಳುತ್ತಾನೆ, ಊರಿಗೆಲ್ಲ ಕಾಣುತ್ತದೆ. ಬೀಡಿ ಸೇದಿದವನು ಎದ್ದು ಹೊಲಕ್ಕೆ ಹೋಗುತ್ತಾನೆ. ಕೆಲಸಕ್ಕೆ ಹೋಗುವವನನ್ನು ನೋಡಿ ಮರುಗುವವರು ಯಾರು?

ಆದರೂ ಕಳೆದ ನೂರು ವರ್ಷಗಳಲ್ಲಿ ವೈದ್ಯರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಂಡಿದ್ದಾರೆ. ಚುರುಕು ಕೊಡುವ ಪದಾರ್ಥಕ್ಕೂ, ಮನುಷ್ಯ ತನ್ನ ಜೀವದ ಮೇಲೆ ತಾನೇ ಕೈಮಾಡಿಕೊಳ್ಳುವುದಕ್ಕೂ ಸಂಬಂಧವುಂಟೆ? ಈ ಪ್ರಶ್ನೆಯನ್ನು ಹಾಸನ ಜಿಲ್ಲೆಯಲ್ಲಿ ಕುಳಿತು ಕೇಳುವುದಕ್ಕೆ ವಿಶೇಷ ಕಾರಣವಿದೆ. ಪಶ್ಚಿಮದ ಸಕಲೇಶಪುರ, ಬೇಲೂರುಗಳಲ್ಲಿ ಕಾಫಿ; ದಕ್ಷಿಣದ ಅರಕಲಗೂಡಿನಲ್ಲಿ ಹೊಗೆಸೊಪ್ಪು. ಹೀಗೆ ಲೋಕವನ್ನು ಎಚ್ಚರವಾಗಿಡುವ ಎರಡು ಬೆಳೆಗಳು ಒಂದೇ ಜಿಲ್ಲೆಯ ಮಣ್ಣಿನಲ್ಲಿ ಬೆಳೆಯುತ್ತವೆ.

ಹೊಗೆಸೊಪ್ಪು ನಮ್ಮ ಪ್ರಾಚೀನರಿಗೆ ತಿಳಿದಿರಲಿಲ್ಲ. ಅಮೆರಿಕಾ ಖಂಡದ ಆ ಗಿಡವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಉತ್ತರ ಹಿಂದೂಸ್ಥಾನದ ದರಬಾರಿಗೆ ಅದು ತಲುಪಿದ್ದು ಕನ್ನಡ ನಾಡಿನ ದಾರಿಯಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ಅಕ್ಬರ್ ಬಾದಶಹನು ಅಸದ್ ಬೇಗನೆಂಬ ಅಧಿಕಾರಿಯನ್ನು ಬಿಜಾಪುರಕ್ಕೆ ರಾಯಭಾರಿಯಾಗಿ ಕಳುಹಿಸಿದ್ದನು. ಹಿಂದಿರುಗುವಾಗ ಆತ ಬಿಜಾಪುರದಲ್ಲಿ ಕಂಡ ಈ ಹೊಸ ಸೊಪ್ಪನ್ನೂ ರತ್ನಖಚಿತವಾದ ಹುಕ್ಕಾವನ್ನೂ ಕೊಂಡೊಯ್ದು, 1604-05ರ ಹೊತ್ತಿಗೆ ಬಾದಶಹನ ಮುಂದಿಟ್ಟನು. ಅಕ್ಬರನು ಕುತೂಹಲದಿಂದ ಒಂದೆರಡು ಬಾರಿ ಎಳೆದನು. ಕೂಡಲೇ ಆಸ್ಥಾನದ ಹಕೀಮರು ತಡೆದರು. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಗುಣದೋಷಗಳು ಬರೆದಿಲ್ಲ, ತಿಳಿಯದ ವಸ್ತುವನ್ನು ಪ್ರಭುಗಳು ಸೇವಿಸಬಾರದು ಎಂಬುದು ಅವರ ವಾದ. ಪರದೇಶದ ವಿದ್ವಾಂಸರು ಪರೀಕ್ಷಿಸದೆ ಬಳಸುತ್ತಾರೆಯೆ, ಹೊಸದೆಲ್ಲವೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೆ ಎಂಬುದು ಅಸದ್ ಬೇಗನ ಪ್ರತಿವಾದ. ಬಾದಶಹನು ಮುಂದೆ ಅಭ್ಯಾಸ ಮಾಡಿಕೊಳ್ಳಲಿಲ್ಲ, ಸರದಾರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಸೊಪ್ಪು ನಿಲ್ಲಲಿಲ್ಲ. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ಕೂಡ ಹೊಗೆಸೊಪ್ಪಿನ ವಿರುದ್ಧ ಒಂದು ಕಿರುಪುಸ್ತಕ ಬರೆದು ಅಚ್ಚು ಮಾಡಿಸಿದನು. ಎರಡು ದೇಶಗಳ ದೊರೆಗಳು ಬೇಡವೆಂದ ವಸ್ತು ಎರಡು ದೇಶಗಳಲ್ಲಿಯೂ ಹಳ್ಳಿಹಳ್ಳಿಗೆ ಹಬ್ಬಿತು.

ಹಕೀಮರ ಆ ಮಾತನ್ನು ನಾವು ಹಳೆಯ ಕಾಲದ ಹಟವೆಂದು ನಕ್ಕುಬಿಡಬೇಕಾಗಿಲ್ಲ. ಗುಣದೋಷಗಳನ್ನು ಬರೆದಿಟ್ಟ ಗ್ರಂಥವಿಲ್ಲ ಎಂಬುದು ಅಂದಿಗೆ ಸತ್ಯವಾಗಿತ್ತು. ಆ ಗ್ರಂಥ ಬರೆಯಲು ಮುನ್ನೂರೈವತ್ತು ವರ್ಷ ಹಿಡಿಯಿತು. ಮನಸ್ಸಿಗೆ ಸಂಬಂಧಪಟ್ಟ ಅಧ್ಯಾಯವಂತೂ ಈಗಲೂ ಮುಗಿದಿಲ್ಲ.

ನಮ್ಮ ಕಡೆ ಹೊಗೆಸೊಪ್ಪು ಎಲೆಅಡಿಕೆಯ ತಟ್ಟೆ ಸೇರಿತು, ಕಡ್ಡಿಪುಡಿಯಾಯಿತು, ನಶ್ಯವಾಯಿತು, ಬೀಡಿಯಾಯಿತು. ಸಿಗರೇಟಿಗೆ ಬೇಕಾದ ವರ್ಜೀನಿಯಾ ಜಾತಿಯ ಸೊಪ್ಪು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮಳೆಯಾಶ್ರಯದ ಕೆಂಪು ಮರಳುಮಣ್ಣು ಇದಕ್ಕೆ ಒಗ್ಗಿತು. 1957ರಲ್ಲಿ ಹುಣಸೂರಿನಲ್ಲಿ ಸಂಶೋಧನಾ ಕೇಂದ್ರವಾಯಿತು. 1976ರಲ್ಲಿ ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಗುಂಟೂರಿನಲ್ಲಿ ಕೆಲಸ ಆರಂಭಿಸಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜಿನ ಪದ್ಧತಿ ಬಂತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಾವೇರಿಯ ದಡದ ಯಾತ್ರಾಸ್ಥಳ. ರಾಮೇಶ್ವರ, ಸುಬ್ರಹ್ಮಣ್ಯ ದೇವಾಲಯಗಳಿಗಾಗಿ ಹೆಸರಾದ ಈ ಊರಿಗೆ ಈಗ ತಂಬಾಕಿನ ಹರಾಜು ಮಾರುಕಟ್ಟೆಯಿಂದಲೂ ಅಷ್ಟೇ ಹೆಸರು. ಸುತ್ತಿನ ಹಳ್ಳಿಗಳಿಂದಲೂ ಹೊಳೆನರಸೀಪುರದ ಕಡೆಯ ಕೆಲವು ಊರುಗಳಿಂದಲೂ ಬೇಲುಗಳು ಇಲ್ಲಿಗೆ ಬರುತ್ತವೆ.

ಸೊಪ್ಪು ಬೇಲಾಗುವ ಮೊದಲು ಬ್ಯಾರನ್ನಿನಲ್ಲಿ ಬೇಯಬೇಕು. ಊರಿನ ಅಂಚಿನಲ್ಲಿ ಎತ್ತರವಾಗಿ, ಕಿಟಕಿಗಳಿಲ್ಲದೆ ನಿಂತಿರುವ ಆ ಕಟ್ಟಡವನ್ನು ನೋಡದವರು ಈ ಸೀಮೆಯಲ್ಲಿಲ್ಲ. ಗಳುಗಳಿಗೆ ಕಟ್ಟಿದ ಹಸಿ ಎಲೆಯನ್ನು ಒಳಗೆ ಸಾಲುಸಾಲಾಗಿ ತೂಗುಬಿಟ್ಟು, ಕೆಳಗೆ ಕಬ್ಬಿಣದ ಕೊಳವೆಗಳ ಮೂಲಕ ಕಾವು ಹಾಯಿಸುತ್ತಾರೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಆರಂಭದ 35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಿಂದ ಕೊನೆಯ 70ರ ಆಸುಪಾಸಿನವರೆಗೆ ಕಾವನ್ನು ಮೆಲ್ಲಮೆಲ್ಲಗೆ ಏರಿಸಬೇಕು. ಐದಾರು ದಿನದ ಈ ಕೆಲಸದಲ್ಲಿ ಹಗಲು ರಾತ್ರಿ ಎಂಬ ಭೇದವಿಲ್ಲ. ಕಾವು ಒಮ್ಮೆಗೆ ಏರಿದರೆ ಬಣ್ಣ ಕೆಟ್ಟು ದರ್ಜೆ ಇಳಿಯುತ್ತದೆ. ಒಣಗಿದ ಎಲೆ ಕಳಚಿ ಬಿಸಿ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನೇ ಹೊತ್ತಿಕೊಳ್ಳುವುದುಂಟು. ಆದ್ದರಿಂದ ಒಬ್ಬರಾದರೂ ಒಲೆಯ ಮುಂದೆ ನಿದ್ದೆಗೆಟ್ಟು ಕೂರಲೇಬೇಕು. ಕೂರುವವರ ಕೈಯಲ್ಲಿ ಬೀಡಿ, ಪಕ್ಕದಲ್ಲಿ ಟೀ. ಎಲೆಯನ್ನು ಕಾಯಲು ನಿದ್ದೆ ಬಿಡುವವರಿಗೆ ನಿದ್ದೆ ತಡೆಯಲು ಆ ಎಲೆಯದೇ ಸಹಾಯ! ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿಯೆಲ್ಲ ಲಾರಿ ನಡೆಸುವ ಚಾಲಕರದೂ ಇದೇ ಕಥೆ. ಉತ್ತೇಜಕ ಪದಾರ್ಥದ ಬಳಕೆಯೆಂದರೆ ನಗರದ ವಿಲಾಸಿಗಳ ವಿಷಯವೆಂದು ತಿಳಿಯುವವರು ಈ ಒಲೆಯನ್ನೂ ಆ ಹೆದ್ದಾರಿಯನ್ನೂ ನೆನೆಯಬೇಕು. ಬಹುಪಾಲು ಜನ ಚುರುಕನ್ನು ಬಯಸುವುದು ಸಂತೋಷಕ್ಕಲ್ಲ, ದುಡಿಮೆಗೆ.

ಸೊಪ್ಪಿನ ಸಾರವಾದ ನಿಕೋಟಿನ್ ಮಾಡುವುದೇನು? ಹೊಗೆಯ ಮೂಲಕ ಒಳಹೊಕ್ಕರೆ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ, ಗಮನವನ್ನು ಕೂಡಿಸಿ, ಒಂದು ಬಗೆಯ ಸಮಾಧಾನವನ್ನು ಉಂಟುಮಾಡುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅಭ್ಯಾಸವಾದವರಿಗೆ ಆಗ ಸಿಡುಕು, ಚಡಪಡಿಕೆ, ಮನಸ್ಸಿನ ಕುಗ್ಗು. ಇನ್ನೊಂದು ಬೀಡಿ ಹಚ್ಚಿದರೆ ಕುಗ್ಗು ಹೋಗುತ್ತದೆ. ಹಿಂದಿನ ಬೀಡಿ ತಂದ ಸಂಕಟವನ್ನು ಮುಂದಿನ ಬೀಡಿ ತೀರಿಸಿತೆಂದು ಅವರಿಗೆ ಹೊಳೆಯುವುದಿಲ್ಲ. ತನ್ನ ಕಷ್ಟವನ್ನು ಬೀಡಿ ಮರೆಸಿತು ಎಂದೇ ನಂಬುತ್ತಾರೆ. ಬಡ್ಡಿಗೆ ತಂದ ಹಣದಿಂದ ಹಳೆಯ ಬಡ್ಡಿ ಕಟ್ಟುವ ರೈತನಿಗೆ ಈ ಲೆಕ್ಕವನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಏರಿದ್ದು ಇಳಿಯುವಾಗಲೇ ಅಪಾಯವೆಂಬುದು ಇನ್ನೂ ತೀಕ್ಷ್ಣವಾದ ಉತ್ತೇಜಕಗಳ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಕೋಕಾ ಗಿಡದ ಸಾರವನ್ನು ಹೊಗಳಿ ಪ್ರಬಂಧ ಬರೆದನು. ಕುಗ್ಗಿದ ಮನಸ್ಸಿಗೆ ಅದು ಮದ್ದೆಂದು ಆತ ನಂಬಿದ್ದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದ ಕಲ್ಕತ್ತೆ, ಮುಂಬಯಿಯಂಥ ನಗರಗಳಲ್ಲಿ ಕೊಕೇನನ್ನು ವೀಳ್ಯದೆಲೆ ಸುಣ್ಣಗಳೊಡನೆ ಜಗಿಯುವ ಚಟ ಹಬ್ಬಿತ್ತು; ಔಷಧಶಾಸ್ತ್ರಜ್ಞ ರಾಮನಾಥ ಚೋಪ್ರಾ ಇದನ್ನು ಅಭ್ಯಾಸ ಮಾಡಿ ಬರೆದಿದ್ದಾರೆ. 1930ರಲ್ಲಿ ಅಪಾಯಕಾರಿ ಔಷಧಗಳ ಕಾಯಿದೆ ಬಂದಿತು, 1985ರಲ್ಲಿ ಅದರ ಸ್ಥಾನಕ್ಕೆ ಈಗಿನ ಮಾದಕ ವಸ್ತುಗಳ ಕಾಯಿದೆ.

ಜಪಾನಿನ ಅನುಭವ ಇನ್ನೂ ದಾರುಣವಾದುದು. ಯುದ್ಧಕಾಲದಲ್ಲಿ ಸೈನಿಕರನ್ನೂ ಕಾರ್ಖಾನೆಯ ಕೆಲಸಗಾರರನ್ನೂ ಎಚ್ಚರವಾಗಿಡಲು ಮೆಥಾಂಫೆಟಮಿನ್ ಎಂಬ ಮದ್ದು ಬಳಕೆಯಾಯಿತು. ಯುದ್ಧ ಮುಗಿದ ಮೇಲೆ ದಾಸ್ತಾನು ಪೇಟೆಗೆ ಬಂದಿತು. ಸೋತ ದೇಶ, ಸುಟ್ಟ ಊರು, ಕೆಲಸವಿಲ್ಲದ ತರುಣರು. ಅವರ ಕೈಗೆ ಅಗ್ಗದ ಚುರುಕು. 1951ರಲ್ಲಿ ಕಾಯಿದೆ ಮಾಡಬೇಕಾಯಿತು, 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಬೇಕಾಯಿತು. 1958ರಲ್ಲಿ ಲಂಡನ್ನಿನ ಮನೋವೈದ್ಯ ಕಾನೆಲ್, ಆಂಫೆಟಮಿನ್ ಸೇವಿಸಿ ಬುದ್ಧಿ ಭ್ರಮಿಸಿದ 42 ರೋಗಿಗಳ ವೃತ್ತಾಂತವನ್ನು ಗ್ರಂಥವಾಗಿ ಪ್ರಕಟಿಸಿದನು. ಯಾರೋ ತಮ್ಮನ್ನು ಅಟ್ಟಿಸಿಕೊಂಡು ಬರುತ್ತಿದ್ದಾರೆಂಬ ಭೀತಿ ಇಂಥವರಲ್ಲಿ ಸಾಮಾನ್ಯ. ಮದ್ದು ಇಳಿದ ಮೇಲೆ ದಿನಗಟ್ಟಲೆ ನಿದ್ದೆ, ಅದರ ಹಿಂದೆಯೇ ತಳಕಾಣದ ಖಿನ್ನತೆ. ಆ ದಿನಗಳಲ್ಲಿ ಬದುಕು ಬೇಡವೆನಿಸುವ ಯೋಚನೆಗಳು ಬರಬಹುದೆಂದು ಈಗ ವೈದ್ಯರೆಲ್ಲರಿಗೂ ತಿಳಿದಿದೆ. ಬಹು ಮಂದಿಯಲ್ಲಿ ಆ ಯೋಚನೆ ಮದ್ದಿನ ಇಳಿತದೊಡನೆ ಬಂದು, ದಿನಗಳು ಸರಿದಂತೆ ಹೋಗುವಂಥದು. ಪಕ್ಕದಲ್ಲಿ ಒಬ್ಬರಿದ್ದು, ಒಂಟಿಯಾಗಿ ಬಿಡದೆ, ವೈದ್ಯರಲ್ಲಿಗೆ ಕರೆದೊಯ್ದರೆ ಅವರು ಆ ದಿನಗಳನ್ನು ದಾಟಬಲ್ಲರು.

ಕೊಕೇನು, ಮೆಥಾಂಫೆಟಮಿನ್‌ಗಳ ಮಾತು ಹೀಗೆ ಸ್ಪಷ್ಟವಾಯಿತು. ಬೀಡಿ, ಸಿಗರೇಟುಗಳ ಮಾತು ಅಷ್ಟು ಸ್ಪಷ್ಟವಲ್ಲ. ಹಲವು ದೇಶಗಳ ದೊಡ್ಡ ದೊಡ್ಡ ಎಣಿಕೆಗಳಲ್ಲಿ ಧೂಮಪಾನಿಗಳಲ್ಲಿ ಆತ್ಮಹತ್ಯೆ ಹೆಚ್ಚೆಂದು ಕಂಡುಬಂದಿತು. ಹೆಚ್ಚು ಸೇದಿದಷ್ಟೂ ಹೆಚ್ಚು. ಇಷ್ಟು ಸಾಕಲ್ಲ, ಹೊಗೆಯೇ ಕಾರಣವೆಂದು ತೀರ್ಪು ಕೊಟ್ಟುಬಿಡಬಹುದಿತ್ತು. ಆದರೆ 1992ರಲ್ಲಿ ಜಾರ್ಜ್ ಡೇವಿ ಸ್ಮಿತ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ತಮಾಷೆಯ ಸಂಗತಿಯನ್ನು ತೋರಿಸಿದರು. ಮೂರು ಲಕ್ಷಕ್ಕೂ ಮೀರಿದ ಅಮೆರಿಕನ್ ಪುರುಷರ ಲೆಕ್ಕದಲ್ಲಿ ಸಿಗರೇಟು ಸೇದುವವರು ಆತ್ಮಹತ್ಯೆಗೆ ಹೆಚ್ಚಾಗಿ ಈಡಾಗಿದ್ದುದು ನಿಜ. ಅದೇ ಲೆಕ್ಕದಲ್ಲಿ ಅವರು ಬೇರೆಯವರ ಕೈಯಲ್ಲಿ ಕೊಲೆಯಾಗಿದ್ದುದೂ ಹೆಚ್ಚು! ಸಿಗರೇಟು ಸೇದಿದ್ದರಿಂದ ಕೊಲೆಯಾದರೆಂದು ಯಾರೂ ಹೇಳಲಾರರು. ಅಂದಮೇಲೆ ಸಿಗರೇಟಿನ ಜೊತೆಗೆ ಬರುವ ಬಡತನ, ಕುಡಿತ, ಒಡೆದ ಸಂಸಾರಗಳೂ ಲೆಕ್ಕಕ್ಕೆ ಬರಬೇಕು. 2003ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿತು. ಸೈನ್ಯಕ್ಕೆ ಕರೆಬಂದ ಹದಿನೆಂಟು ಇಪ್ಪತ್ತರ ತರುಣರನ್ನು 26 ವರ್ಷ ಹಿಂಬಾಲಿಸಿ ನೋಡಿದಾಗ, ಮೊದಲೇ ಇದ್ದ ಮಾನಸಿಕ ತೊಂದರೆ, ಮದ್ಯಪಾನ, ಮನೆಯ ಸ್ಥಿತಿಗಳನ್ನು ಕಳೆದ ಮೇಲೆ ಸಿಗರೇಟಿನ ಪಾಲು ಉಳಿಯಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಇದು ಹೊಗೆಸೊಪ್ಪನ್ನು ದೋಷಮುಕ್ತಗೊಳಿಸುವ ತೀರ್ಪಲ್ಲ. ನಮ್ಮ ಕಣ್ಣನ್ನು ಸರಿಯಾದ ಕಡೆಗೆ ತಿರುಗಿಸುವ ಸೂಚನೆ. ಒಂದು ದಿನಕ್ಕೆ ನಾಲ್ಕು ಬೀಡಿ ಸೇದುತ್ತಿದ್ದವರು ಈಗ ಎರಡು ಕಟ್ಟು ಸೇದುತ್ತಿದ್ದಾರೆಂದರೆ, ಬೀಡಿಯನ್ನು ಬೈಯುವ ಮೊದಲು ಅವರ ರಾತ್ರಿಗಳನ್ನು ಕುರಿತು ವಿಚಾರಿಸಬೇಕು. ನೊಂದವರು ಹೊಗೆಯನ್ನು ಹುಡುಕುತ್ತಾರೆ. ಹೊಗೆ ನಿದ್ದೆಯನ್ನು ಕೆಡಿಸುತ್ತದೆ. ನಿದ್ದೆಗೆಟ್ಟ ಮನಸ್ಸು ಇನ್ನಷ್ಟು ನೋಯುತ್ತದೆ. ಯಾವುದು ಮೊದಲೆಂದು ಎಳೆ ಬಿಡಿಸುವುದು ವಿದ್ವಾಂಸರಿಗೆ ಬಿಟ್ಟದ್ದು. ಮನೆಯವರಿಗೆ ಕಾಣುವುದು ಎಳೆಗಳಲ್ಲ, ಗಂಟು.

ಕಾಫಿಯ ವಿಷಯ ಕೇಳಲು ಸಕಲೇಶಪುರದವರು ಕಾತರರಾಗಿರಬಹುದು. ಅವರಿಗೆ ಸಮಾಧಾನದ ಸುದ್ದಿಯೇ ಇದೆ. 1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 86 ಸಾವಿರ ದಾದಿಯರನ್ನು ಹತ್ತು ವರ್ಷ ಗಮನಿಸಿದಾಗ, ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಆತ್ಮಹತ್ಯೆ ಕಡಿಮೆಯೆಂದು ಕಂಡುಬಂದಿತು. ಮನಸ್ಸು ಕುಗ್ಗಿದವರು ಮೊದಲೇ ಕಾಫಿ ಬಿಟ್ಟಿರಬಹುದೆಂಬ ಸಂದೇಹವೂ ಇದೆ. 2000ದಲ್ಲಿ ಫಿನ್ಲೆಂಡಿನವರು ಎಣಿಸಿದಾಗ, ದಿನಕ್ಕೆ ಎಂಟು ಬಟ್ಟಲು ಮೀರಿ ಕುಡಿಯುವವರಲ್ಲಿ ಅಪಾಯ ಹೆಚ್ಚಾಗಿ ಕಂಡಿತು. ಎಂಟು ಬಟ್ಟಲು ಕುಡಿಯುವವರು ನಿದ್ದೆ ಬಾರದೆ ಕುಡಿಯುತ್ತಾರೋ, ಕುಡಿದು ನಿದ್ದೆ ಕಳೆದುಕೊಳ್ಳುತ್ತಾರೋ, ಅಲ್ಲಿಯೂ ಅದೇ ಗಂಟು.

ಇನ್ನು ಸೊಪ್ಪನ್ನು ಸೇದದೆ ಬೆಳೆಯುವವರ ಮಾತು. ಇಬ್ಬನಿಯಲ್ಲಿ ನೆನೆದ ಹಸಿ ಎಲೆಯನ್ನು ಕೊಯ್ಯುವವರ ಚರ್ಮದ ಮೂಲಕವೂ ನಿಕೋಟಿನ್ ಒಳಹೋಗುತ್ತದೆ. ತಲೆಸುತ್ತು, ವಾಕರಿಕೆ, ನಿತ್ರಾಣ ಅದರ ಗುರುತುಗಳು. ಎಲೆ ಕಟ್ಟುವ ಹೆಂಗಸರು, ಮಕ್ಕಳು ಬೀಡಿಯನ್ನು ಮುಟ್ಟದಿದ್ದರೂ ಸೊಪ್ಪಿನಿಂದ ತಪ್ಪಿಸಿಕೊಳ್ಳಲಾರರು. ಇದಕ್ಕಿಂತ ಭಾರವಾದುದು ಸಾಲ. ಸಸಿ, ಗೊಬ್ಬರ, ಸೌದೆ, ಆಳುಗಳ ಕೂಲಿ ಎಲ್ಲವೂ ಮುಂಚಿತವಾಗಿ ಬೇಕು. ಹಣ ಕಾಣುವುದು ಹರಾಜಿನ ದಿನ. ದರ್ಜೆ ಯಾವುದು, ದರ ಎಷ್ಟು ಎಂಬುದು ಬೇಲಿನ ಮುಂದೆ ಕೆಲವು ಕ್ಷಣಗಳಲ್ಲಿ ಗೊತ್ತಾಗುತ್ತದೆ, ವರ್ಷದ ದುಡಿಮೆ ಅಷ್ಟರಲ್ಲಿ ತೀರ್ಮಾನವಾಗುತ್ತದೆ. 2015ರಲ್ಲಿ ಕರ್ನಾಟಕದಲ್ಲಿ ರೈತರೂ ಕೃಷಿ ಕಾರ್ಮಿಕರೂ ಸೇರಿ 1569 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ಎಣಿಸಿತು. ಕಬ್ಬು, ತಂಬಾಕು ಬೆಳೆಯುವ ಹಳೆಯ ಮೈಸೂರಿನ ಮನೆಗಳೂ ಆ ವರ್ಷ ಬಹಳ ನೊಂದವು. ಒಂದೊಂದು ಸಾವಿಗೂ ಒಂದೇ ಕಾರಣ ಹಚ್ಚುವುದು ಪತ್ರಿಕೆಯ ತಲೆಬರಹಕ್ಕೆ ಅನುಕೂಲ, ಸತ್ಯಕ್ಕೆ ಅನುಕೂಲವಲ್ಲ. ಸಾಲ, ಮಳೆ, ಮನೆಯ ಕಲಹ, ಕಾಯಿಲೆ, ಕುಡಿತ, ನಿದ್ದೆಗೇಡು ಎಲ್ಲವೂ ಒಂದೇ ಅಂಗಳದಲ್ಲಿ ಕೂಡಿರುತ್ತವೆ.

ಇಂಥವರನ್ನು ನಮ್ಮ ಕಾನೂನು ಬಹು ಕಾಲ ಅಪರಾಧಿಗಳೆಂದೇ ನೋಡಿತು. 1860ರ ದಂಡಸಂಹಿತೆಯ 309ನೆಯ ಕಲಮಿನ ಪ್ರಕಾರ ಆತ್ಮಹತ್ಯೆಯ ಪ್ರಯತ್ನಕ್ಕೆ ಸೆರೆವಾಸ. ಬದುಕು ಭಾರವೆಂದವರಿಗೆ ಸೆರೆಮನೆಯ ಭಾರವನ್ನೂ ಹೊರಿಸಿದ ಈ ಕಲಮು ಜನರ ಬಾಯಿ ಕಟ್ಟಿತು. ಆಸ್ಪತ್ರೆಯಲ್ಲಿ ನಿಜ ಹೇಳಲು ಮನೆಯವರು ಹೆದರಿದರು. 2017ರ ಮಾನಸಿಕ ಆರೋಗ್ಯ ಕಾಯಿದೆ, ಪ್ರಯತ್ನ ಮಾಡಿದವರು ತೀವ್ರ ಮನೋವ್ಯಥೆಯಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಕೂಡದು, ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 309ನೆಯ ಕಲಮಿಗೆ ಸ್ಥಾನವೇ ಇಲ್ಲ.

ಆರೈಕೆಯ ಕಡೆ ಕರ್ನಾಟಕದ ಕೆಲಸ ಸಣ್ಣದಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಮನೋವೈದ್ಯವನ್ನು ರಾಜಧಾನಿಯಿಂದ ಹಳ್ಳಿಯ ಆಸ್ಪತ್ರೆಗೆ ಒಯ್ಯುವ ಪ್ರಯೋಗವನ್ನು ಆ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಅದೇ ಮಾದರಿ. ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದ ಮೇಲೆ ಅರಕಲಗೂಡಿನವರೂ ಹೊಳೆನರಸೀಪುರದವರೂ ದೊಡ್ಡ ಆಸ್ಪತ್ರೆಗಾಗಿ ಬೆಂಗಳೂರು ಮೈಸೂರುಗಳ ಬಸ್ಸನ್ನೇ ಕಾಯಬೇಕಾಗಿಲ್ಲ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯೂ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಬ್ಯಾರನ್ನಿನ ಮುಂದೆ ಒಂಟಿಯಾಗಿ ಕುಳಿತವರ ಜೇಬಿನಲ್ಲೂ ಈಗ ಫೋನಿರುತ್ತದೆ.

ಬೀಡಿ ಬಿಟ್ಟರೆ ಮನಸ್ಸು ಇನ್ನೂ ಕೆಡುತ್ತದೆಂಬ ಭಯ ಅನೇಕರಿಗುಂಟು; ಮನೋರೋಗದ ವಾರ್ಡುಗಳಲ್ಲಿ ಕೆಲವು ವೈದ್ಯರೂ ಹಿಂದೆ ಹಾಗೆಯೇ ಎಣಿಸಿ ರೋಗಿಗಳ ಸಿಗರೇಟಿಗೆ ಅಡ್ಡಿ ಮಾಡುತ್ತಿರಲಿಲ್ಲ. ಮೊದಲ ವಾರದ ಚಡಪಡಿಕೆ, ನಿದ್ದೆಗೇಡು ನಿಜ. ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೇಖನದ ಪ್ರಕಾರ, ಬಿಟ್ಟವರಲ್ಲಿ ಖಿನ್ನತೆಯೂ ಆತಂಕವೂ ಬಿಡದವರಿಗಿಂತ ಕಡಿಮೆಯಾದವು. ಮೊದಲೇ ಮನೋರೋಗವಿದ್ದವರಲ್ಲಿಯೂ ಹಾಗೆಯೇ. ಬಿಡಲು ನೆರವಾಗುವ ಔಷಧಗಳಿಂದ ಆತ್ಮಹತ್ಯೆಯ ಯೋಚನೆ ಬರಬಹುದೆಂದು ಅಮೆರಿಕದ ಔಷಧ ಇಲಾಖೆ 2009ರಲ್ಲಿ ಕೊಟ್ಟಿದ್ದ ಕಟು ಎಚ್ಚರಿಕೆಯನ್ನು, ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂದ ಮೇಲೆ 2016ರಲ್ಲಿ ತೆಗೆದುಹಾಕಿತು. ಖಿನ್ನತೆ ಇರುವವರು ವೈದ್ಯರಿಗೆ ತಿಳಿಸಿಯೇ ಬಿಡುವುದು ಲೇಸು.

ಬಿಡಲು ಬಯಸುವವರಿಗೂ ಒಂದು ದೂರವಾಣಿ ಸಂಖ್ಯೆಯಿದೆ, 1800112356. ದಕ್ಷಿಣದವರ ಕರೆಗಳಿಗೆ ಉತ್ತರಿಸುವ ಕೇಂದ್ರ ನಿಮ್ಹಾನ್ಸಿನಲ್ಲಿದೆ, ಕನ್ನಡದಲ್ಲಿ ಮಾತನಾಡುವವರು ಅಲ್ಲಿದ್ದಾರೆ. ಆ ಸಂಖ್ಯೆಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. 2018ರ ಸೆಪ್ಟೆಂಬರಿನಿಂದ ಹೊಗೆಸೊಪ್ಪಿನ ಪೊಟ್ಟಣಗಳ ಮೇಲೆಯೇ ಅದು ಅಚ್ಚಾಗಿ ಬರುತ್ತಿದೆ.